ಬೀದಿಯವರೆಲ್ಲ ಹೀಟ್ ಪಂಪ್ ಹಾಕಿಸಿದರೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ತಡೆಯುತ್ತಾ?

ಪ್ರಶ್ನೆ: ನಾವು ಚಿಕ್ಕಬಳ್ಳಾಪುರದವರು. ಸೌದೆ ಒಲೆ ತೆಗೆಸಿ, ಸ್ನಾನದ ನೀರಿಗೆ ಹೀಟ್ ಪಂಪ್ ಹಾಕಿಸೋಣ ಅಂತಿದ್ದೇವೆ. ಈಗಲೇ ಡಿಸೆಂಬರ್ ಬೆಳಗ್ಗೆ ವೋಲ್ಟೇಜ್ ಬೀಳುತ್ತದೆ. ಎಲ್ಲರೂ ಹೀಗೇ ಮಾಡಿದರೆ ನಮ್ಮ ಟಿ.ಸಿ. ಗತಿ ಏನು?

ಉತ್ತರ: ಎಲ್ಲರೂ ಗೀಸರ್ ಹಾಕಿಸಿದರೆ ಕಷ್ಟ. ಗಾಳಿಯ ಬಿಸಿಯಿಂದ ನೀರು ಕಾಯಿಸುವ ಹೀಟ್ ಪಂಪ್ ಆದರೆ ತಡೆಯುತ್ತದೆ, ಬೆಳಗ್ಗೆ ಓಡಿಸದಿದ್ದರೆ.

ಮೀಟರ್ ಎಣಿಸುವುದು ಯೂನಿಟ್. ಟಿ.ಸಿ.ಗೆ ಬೇಕಿರುವುದು ಬೇರೆ ಲೆಕ್ಕ: ಒಂದೇ ಹೊತ್ತಿಗೆ ಎಷ್ಟು ಮನೆ ಎಳೆಯುತ್ತಿವೆ? 100 ಕೆವಿಎ (ಇಲ್ಲಿ ಹೆಚ್ಚುಕಮ್ಮಿ ಕಿಲೋವ್ಯಾಟ್ ಅಂತಲೇ ತಿಳಿಯಿರಿ) ಟಿ.ಸಿ. ಅಂದರೆ, ಅದರಿಂದ ಹೊರಡುವ ಮೂರು ಫೇಸ್, ಅಂದರೆ ಮೂರು ಲೈನ್‌ಗಳಲ್ಲಿ ಒಂದೊಂದಕ್ಕೆ ಸುಮಾರು 33. ಗೀಸರ್ ಒಂದಕ್ಕೆ 2 ಕಿಲೋವ್ಯಾಟ್, ಇನ್‌ಸ್ಟಂಟ್ ಆದರೆ 3. ಒಂದೇ ಫೇಸಿನ 17 ಮನೆಯವರು ಆರೂವರೆಗೆ ಸ್ವಿಚ್ ಒತ್ತಿದರೆ ಅಲ್ಲಿಗೆ ಮುಗಿಯಿತು. ಮೋಟಾರು, ಮಿಕ್ಸಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ! ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ 2 ಕಿಲೋವ್ಯಾಟ್ ಗೀಸರ್ ಒಂದೂವರೆಯಷ್ಟೇ ಕಾಯಿಸುತ್ತದೆ. ಹಾಗಾಗಿ ಜಾಸ್ತಿ ಹೊತ್ತು ಆನ್ ಇರುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯವರೂ ಎದ್ದಿರುತ್ತಾರೆ.

ಸೋಲಾರ್ ಹೀಟರ್ ಇದ್ದವರು ಲೈನಿಗೆ ಭಾರವಲ್ಲ, ಬಿಸಿಲಿರುವವರೆಗೆ. ಎರಡು ದಿನ ಮೋಡ ಮುಚ್ಚಿದರೆ ಎಲ್ಲರ ಬ್ಯಾಕಪ್ ಕಾಯಿಲ್ ಒಟ್ಟಿಗೇ ಆನ್. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆಯಲ್ವಾ ಅಂತ ಕೇಳುವವರಿದ್ದಾರೆ. ಅಲ್ಲಿ ಎಷ್ಟೇ ಕರೆಂಟ್ ಬಂದರೂ ನಿಮ್ಮ ಬೀದಿಯ ತಂತಿ ದಪ್ಪ ಆಗುವುದಿಲ್ಲ.

ಹೀಟ್ ಪಂಪ್ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ಸೇರಿಸುತ್ತದೆ. 100 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು ಗೀಸರಿಗೆ ಸುಮಾರು ಮೂರೂವರೆ ಯೂನಿಟ್ ಬೇಕು. ಹೀಟ್ ಪಂಪಿಗೆ ಒಂದು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಸಾಕು. ಬ್ರಿಟನ್‌ನಲ್ಲಿ ಕೆಲವರು ಗ್ಯಾಸ್ ಬಾಯ್ಲರ್ ಬಿಟ್ಟು ಹೀಟ್ ಪಂಪಿನಿಂದ ಇಡೀ ಮನೆ ಬೆಚ್ಚಗಿಡುತ್ತಾರೆ. ಚಳಿ ಹೆಚ್ಚಾದಷ್ಟೂ ಅದಕ್ಕೆ ಕೆಲಸ ಹೆಚ್ಚು, ಹಾಗಾಗಿ ಕೆಲವು ಕಡೆ ಅಲ್ಲಿನ ವಿದ್ಯುತ್ ಕಂಪನಿಗಳು ಟ್ರಾನ್ಸ್‌ಫಾರ್ಮರ್, ಕೇಬಲ್ ಬದಲಿಸಬೇಕಾಗುತ್ತದೆ. ನಮಗೆ ಬೇಕಿರುವುದು ಸ್ನಾನಕ್ಕೆ ನೀರು ಮಾತ್ರ. ಅದನ್ನು ಹಿಂದಿನ ದಿನವೇ ಕಾಯಿಸಿಡಬಹುದು.

ಟೈಮರನ್ನು ಮಧ್ಯಾಹ್ನ 12ರಿಂದ 3ಕ್ಕೆ ಇಡಿ. ಆಗ ಗಾಳಿ ಬೆಚ್ಚಗಿರುತ್ತದೆ, ಯಂತ್ರಕ್ಕೆ ಕೆಲಸ ಕಡಿಮೆ. ಒಳ್ಳೆಯ ಟ್ಯಾಂಕ್ ಆದರೆ ಬೆಳಗ್ಗೆಯೂ ನೀರು ಬಿಸಿಯಾಗಿರುತ್ತದೆ. ಇನ್ನೊಂದು ವಿಷಯ: ಎಷ್ಟೋ ಹೀಟ್ ಪಂಪ್‌ಗಳ ಒಳಗೂ ಗೀಸರಿನಂಥ ಕಾಯಿಲ್ ಇರುತ್ತದೆ. ಅದನ್ನು ಆಫ್ ಮಾಡಿಸಿ. ಇಲ್ಲದಿದ್ದರೆ ಸುಮ್ನೆ ದುಬಾರಿ ಗೀಸರ್ ತಂದಂತೆ. ವೋಲ್ಟೇಜ್ ತೀರಾ ಕಡಿಮೆ ಇರುವಾಗ ಹೀಟ್ ಪಂಪ್ ಓಡಿಸಬೇಡಿ, ಅದರೊಳಗಿನ ಕಂಪ್ರೆಸರ್ ಮೋಟಾರು ಬಿಸಿಯಾಗಿ ಕೆಡಬಹುದು.

ಇಷ್ಟಾದರೂ ವೋಲ್ಟೇಜ್ ಬಿದ್ದರೆ, ಹೊಸ ಟಿ.ಸಿ. ಕೇಳುವ ಮೊದಲು ಮೂರು ಫೇಸಿನ ಲೋಡ್ ಅಳೆಸಿ ಅಂತ ಬೀದಿಯವರೆಲ್ಲ ಸೇರಿ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಒಂದೇ ಫೇಸಿಗೆ ಮನೆಗಳು ಜಾಸ್ತಿ ಸೇರಿದ್ದರೆ, ಹಂಚಿ ಹಾಕಿದರೇ ಅರ್ಧ ಸರಿಹೋಗುತ್ತದೆ.