ಸಂಘದ ಬಲ ರಸೀದಿ ಪುಸ್ತಕದಲ್ಲಿದೆ

ಪ್ರತಿ ತಿಂಗಳು 7ನೇ ತಾರೀಖಿನ ಸಂಜೆ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿರುತ್ತೇನೆ. ಅಷ್ಟು ಹೊತ್ತಿಗೆ ಪಗಾರವಾಗಿರುತ್ತದೆ, ಹಗಲು ಪಾಳಿ ಬಿಟ್ಟಿರುತ್ತದೆ. ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿಂದ ಹೊರಬಿದ್ದವರು ಮಚ್ಛೆ, ಪೀರನವಾಡಿ, ದೇಸೂರಿನ ಹಾದಿ ಹಿಡಿಯುವ ಮುನ್ನ ಇಲ್ಲಿ ಒಂದು ಕಪ್ ಚಹಾಕ್ಕೆ ನಿಲ್ಲುತ್ತಾರೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕಪ್ಪು ಮರಳು ಉಳಿದ ಕೈಗಳು ಕಾರ್ಮಿಕ ಸಂಘದ ಮೂವತ್ತು ರೂಪಾಯಿ ಚಂದಾ ಕೊಡುತ್ತವೆ. ಹೆಸರು, ಕಾರ್ಖಾನೆ ಕೊಟ್ಟ ಟೋಕನ್ ಸಂಖ್ಯೆ, ವಿಭಾಗ, ತಿಂಗಳು ಬರೆದು ರಸೀದಿ ಹರಿದು ಕೊಡುತ್ತೇನೆ. ಬರೆಯಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಎದುರಿಗಿದ್ದವರು ಸುಮ್ಮನೆ ನಿಂತಿರುವುದಿಲ್ಲ.

"ಅಕ್ಕಾವರೇ, ಹೊಗೆ ಎಳೆಯುವ ಫ್ಯಾನು ಕೆಟ್ಟು ಹದಿನೈದು ದಿನವಾಯಿತು."

"ಈ ತಿಂಗಳು ಓವರ್‌ಟೈಮ್ ಹನ್ನೆರಡು ತಾಸು ಕಡಿಮೆ ಹಿಡಿದಿದ್ದಾರೆ, ನೋಡಿರಿ."

ಇವೆಲ್ಲ ರಸೀದಿ ಪುಸ್ತಕದ ಕೊನೆಯ ಖಾಲಿ ಹಾಳೆಗೆ ಹೋಗುತ್ತವೆ. ಮರುದಿನ ಕಚೇರಿಯಲ್ಲಿ ಆ ಹಾಳೆಯಿಂದಲೇ ಆಡಳಿತ ಮಂಡಳಿಗೆ ಪತ್ರಗಳು ಹುಟ್ಟುತ್ತವೆ. ಫೌಂಡ್ರಿ ಮತ್ತು ಎಂಜಿನಿಯರಿಂಗ್ ಕಾರ್ಮಿಕರ ಸಂಘವೊಂದರ ಕಚೇರಿ ಕಾರ್ಯದರ್ಶಿಯಾಗಿ ಇಪ್ಪತ್ತೆರಡು ವರ್ಷ ಇದನ್ನೇ ಮಾಡಿಕೊಂಡು ಬಂದಿದ್ದೇನೆ.

ಸಮಾಜಕಾರ್ಯದಲ್ಲಿ ಪದವಿ ಮುಗಿಸಿದ ಹುಡುಗ ಹುಡುಗಿಯರು ಆಗಾಗ ಕೆಲಸ ಕಲಿಯಲು ಬರುತ್ತಾರೆ. "ನಮಗೆ ಸಂಘಟನೆಯ ಕೆಲಸ ಕೊಡಿ, ಕಚೇರಿಯ ಕೆಲಸ ಬೇಡ" ಎಂದು ಮೊದಲ ದಿನವೇ ಕೇಳುತ್ತಾರೆ. ಗೇಟಿನ ಮುಂದೆ ನಿಂತು ಭಾಷಣ ಮಾಡುವುದು ಸಂಘಟನೆ, ಕಪಾಟಿನ ಮುಂದೆ ಕುಳಿತು ಬರೆಯುವುದು ಗುಮಾಸ್ತಿಕೆ ಎಂಬ ಎಣಿಕೆ ಅವರದು. ಅಂಥವರ ಕೈಗೆ ನಾನು ಮೊದಲು ಕೊಡುವುದು ರಸೀದಿ ಪುಸ್ತಕ. ಮೂರು ತಿಂಗಳು ಚಂದಾ ಎತ್ತಿದವರಿಗೆ ಯಾವ ವಿಭಾಗದಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರು ಮೇಸ್ತ್ರಿಗೆ ಹೆದರಿ ದೂರದಿಂದಲೇ ಹೋಗಿಬಿಡುತ್ತಾರೆ ಎಂಬುದು ತಿಳಿದಿರುತ್ತದೆ. ಅದು ತಿಳಿಯದೆ ಭಾಷಣ ಮಾಡಿ ಪ್ರಯೋಜನವಿಲ್ಲ.

ಈಗ ಕಿರಿಯ ಸದಸ್ಯರು, "ಚಂದಾ ಫೋನಿನಲ್ಲೇ ಕಳಿಸಿಬಿಡುತ್ತೇವೆ, ನೀವೇಕೆ ಬಂದು ಕೂರುತ್ತೀರಿ?" ಎನ್ನುತ್ತಾರೆ. ಅವರದು ಕಾಳಜಿಯ ಮಾತು. ರಜೆಯಲ್ಲಿ ಊರಿಗೆ ಹೋದವರಿಗೆ, ಗಾಯಗೊಂಡು ಮನೆಯಲ್ಲಿರುವವರಿಗೆ ನಾವು ಒಪ್ಪಿದ್ದೇವೆ. ಉಳಿದವರಿಗೆ ಒಪ್ಪಿಲ್ಲ. ದುಡ್ಡು ತಾನಾಗಿ ಖಾತೆಗೆ ಬಂದು ಬೀಳತೊಡಗಿದರೆ ಸದಸ್ಯರನ್ನು ಕಾಣುವ ನೆಪವೇ ಹೋಗುತ್ತದೆ. ಚಂದಾ ಕೊಡುವುದನ್ನು ನಿಲ್ಲಿಸಿದ ಮನುಷ್ಯನಿಗೆ ಸಂಘದ ಮೇಲೆ ಏನೋ ಬೇಸರವಿದೆ ಎಂದರ್ಥ. ಎದುರೆದುರು ಕೇಳಿದರೆ ಆ ಬೇಸರ ಎರಡನೆಯ ತಿಂಗಳಿಗೇ ತಿಳಿಯುತ್ತದೆ. ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ನೋಡಿ ತಿಳಿಯುವ ಹೊತ್ತಿಗೆ ಅವನು ಕೈತಪ್ಪಿ ಹೋಗಿರುತ್ತಾನೆ.

ಹಳೆಯ ರಸೀದಿಯ ಬೆಲೆ ನನಗೆ ಮನದಟ್ಟಾದದ್ದು 2019ರಲ್ಲಿ. ಐವತ್ತೆಂಟಕ್ಕೆ ನಿವೃತ್ತರಾದ, ಎರಕದ ಅಚ್ಚು ಮಾಡುವ ಮೋಲ್ಡರ್ ಕಾಕಾ ಒಬ್ಬರು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಕಚೇರಿಗೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. "ತಂಗೀ, ನಾನು ಎಂಟೇ ವರ್ಷ ದುಡಿದಿದ್ದೇನಂತೆ" ಎಂದರು. ಧ್ವನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು.

ಸೇವೆಯ ವರ್ಷಗಳಿಗೆ ತಕ್ಕಂತೆ ಕೊನೆಯಲ್ಲಿ ಮಾಲೀಕರು ಕೊಡುವ ಗ್ರಾಚ್ಯುಟಿಯ ಆಗಿನ ಲೆಕ್ಕ ಕಷ್ಟದ್ದಲ್ಲ. ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಮೊತ್ತ ಸಿಗುತ್ತದೆ. ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಕೊನೆಯ ವರ್ಷ ಆರು ತಿಂಗಳು ದಾಟಿದ್ದರೆ ಅದೂ ಪೂರ್ತಿ ವರ್ಷವೇ. ಕಾಕಾನ ಮೂಲವೇತನ, ತುಟ್ಟಿಭತ್ಯೆ ಕೂಡಿ 13,000 ರೂಪಾಯಿ. ಅಂದರೆ ವರ್ಷಕ್ಕೆ 7,500. ಅವರು ದುಡಿದದ್ದು 19 ವರ್ಷ, ಬರಬೇಕಾದದ್ದು 1,42,500. ಕಾರ್ಖಾನೆ ಬರೆದುಕೊಟ್ಟದ್ದು 60,000. 2011ಕ್ಕೆ ಮೊದಲು ಅವರು ಯಾವುದೋ ಗುತ್ತಿಗೆದಾರನ ಆಳಾಗಿದ್ದರು, ತಮಗೆ ಸಂಬಂಧವಿಲ್ಲ ಎಂಬುದು ಆಡಳಿತದವರ ವಾದ. ನೇಮಕಾತಿ ಪತ್ರವನ್ನು ಕಾಕಾನಿಗೆ ಯಾರೂ ಕೊಟ್ಟಿರಲಿಲ್ಲ.

ನಾನು ಎರಡು ದಿನ ಕಪಾಟಿನ ಮುಂದೆ ಕುಳಿತೆ. ಹಳೆಯ ರಸೀದಿ ಪುಸ್ತಕಗಳ ಅರ್ಧ ಹಾಳೆಗಳು, ಅಂದರೆ ಹರಿದುಕೊಟ್ಟ ಮೇಲೆ ನಮ್ಮಲ್ಲೇ ಉಳಿಯುವ ಪ್ರತಿಗಳು, ವರ್ಷವಾರು ಗಂಟು ಕಟ್ಟಿದ್ದವು. 2000ದ ಗಂಟಿನಲ್ಲಿ ನಮ್ಮ ಹಿಂದಿನ ಕಾರ್ಯದರ್ಶಿಯವರ ಓರೆ ಅಕ್ಷರದಲ್ಲಿ ಕಾಕಾನ ಹೆಸರು ಸಿಕ್ಕಿತು. ಪಕ್ಕದಲ್ಲಿ ಮೋಲ್ಡಿಂಗ್ ವಿಭಾಗ ಎಂದು ಬರೆದು ಟೋಕನ್ ಸಂಖ್ಯೆ ಹಾಕಿದ್ದರು. 2019ರ ಪಗಾರ ಚೀಟಿಯಲ್ಲೂ ಅದೇ ಸಂಖ್ಯೆಯಿತ್ತು! ಕಾಕಾನ ಹೆಂಡತಿ ಟ್ರಂಕಿನ ತಳದಿಂದ ಕಾರ್ಮಿಕರ ವಿಮೆ ಯೋಜನೆಯಾದ ಇಎಸ್‌ಐನ ಹಳೆಯ ತಾತ್ಕಾಲಿಕ ಗುರುತಿನ ಚೀಟಿ ಹುಡುಕಿ ತಂದರು. ಅದರಲ್ಲಿ ಮಾಲೀಕರ ಜಾಗದಲ್ಲಿ ಕಾರ್ಖಾನೆಯ ಹೆಸರೇ ಇತ್ತು. ಸಂಘದ ರಸೀದಿಯೊಂದರಿಂದಲೇ ಯಾವ ಪ್ರಾಧಿಕಾರವೂ ತೀರ್ಪು ಕೊಡುವುದಿಲ್ಲ. ಆದರೆ ಎರಡು ಬೇರೆ ಬೇರೆ ಕಡೆಯ ಕಾಗದಗಳು ಒಂದೇ ಮಾತು ಹೇಳಿದಾಗ ಎದುರು ಪಕ್ಷದ ವಕೀಲರು ಮೆತ್ತಗಾದರು. ಮೂರನೆಯ ವಿಚಾರಣೆಗೆ 19 ವರ್ಷದ ಲೆಕ್ಕವನ್ನು ಒಪ್ಪಿಕೊಂಡರು. ಎಂಟು ವರ್ಷ ಕಳೆದ ಕಾಗದಗಳನ್ನು ರದ್ದಿಗೆ ಹಾಕಬಹುದು ಎಂದು ಲೆಕ್ಕ ಪರಿಶೋಧಕರು ಹೇಳುತ್ತಲೇ ಇರುತ್ತಾರೆ. ಸಂಘದವರು ಆ ಮಾತು ಕೇಳಬಾರದು. ರಸೀದಿ ಬರೆಯುವವರು ಟೋಕನ್ ಸಂಖ್ಯೆಯನ್ನೂ ವಿಭಾಗವನ್ನೂ ಎಂದಿಗೂ ಬಿಡಬಾರದು.

ನನ್ನಿಂದಲೇ ಒಬ್ಬ ಸದಸ್ಯನಿಗೆ ಆದ ಅನ್ಯಾಯವನ್ನೂ ಇಲ್ಲಿ ಹೇಳಬೇಕು. ಸಂಘದ ಮುಂದಾಳುಗಳಲ್ಲಿ ಕೆಲವರನ್ನು ಸಂರಕ್ಷಿತ ಕಾರ್ಮಿಕರು ಎಂದು ಪ್ರತಿ ವರ್ಷ ಆಡಳಿತಕ್ಕೆ ಬರೆದು ತಿಳಿಸುವ ಪದ್ಧತಿಯಿದೆ. ಒಟ್ಟು ಕಾರ್ಮಿಕರ ಶೇ 1ರಷ್ಟು, ಕನಿಷ್ಠ ಐವರು, ಗರಿಷ್ಠ ನೂರು ಜನ. ವಿವಾದವೊಂದು ರಾಜಿ ಸಂಧಾನದಲ್ಲೋ ನ್ಯಾಯಾಲಯದಲ್ಲೋ ಇರುವಾಗ ಇವರನ್ನು ಕೆಲಸದಿಂದ ತೆಗೆಯಬೇಕಾದರೆ ಆ ವಿವಾದ ಯಾರ ಮುಂದಿದೆಯೋ ಅವರ ಅನುಮತಿಯನ್ನು ಮಾಲೀಕರು ಮೊದಲೇ ಪಡೆಯಬೇಕು. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ನಾನು ಆ ಪಟ್ಟಿಯನ್ನು ಒಂದು ಕಾರ್ಖಾನೆಯ ಗೇಟಿನ ಕಾವಲುಗಾರರ ಕೈಗೆ ಕೊಟ್ಟು ಬಂದೆ. ಪರಿಚಯದವರು, ಒಳಗೆ ಮುಟ್ಟಿಸುತ್ತಾರೆ ಎಂದು ನಂಬಿದ್ದೆ. ನಮ್ಮ ಪ್ರತಿಯ ಮೇಲೆ ಮೊಹರು, ಸಹಿ ತೆಗೆದುಕೊಳ್ಳಲಿಲ್ಲ. ನಾಲ್ಕು ತಿಂಗಳಿಗೆ ಬೋನಸ್ ವಿವಾದ ಎದ್ದಿತು. ಪಟ್ಟಿಯಲ್ಲಿದ್ದ ಒಬ್ಬ ಯುವಕನನ್ನು ಶಿಸ್ತಿನ ಕಾರಣ ಹೇಳಿ ಹೊರಗೆ ಹಾಕಿದರು. ಪಟ್ಟಿ ತಮಗೆ ಬಂದೇ ಇಲ್ಲ ಎಂದರು. ಬಂದಿದೆ ಎನ್ನಲು ನನ್ನ ಬಳಿ ಏನೂ ಇರಲಿಲ್ಲ. ಅವನು ಹದಿನಾಲ್ಕು ತಿಂಗಳು ಹೊರಗಿದ್ದ. ಆ ಅವಧಿಯಲ್ಲಿ ಅವನ ತಾಯಿ ನನ್ನನ್ನು ಒಂದು ಮಾತೂ ಆಡಲಿಲ್ಲ, ಹೋದಾಗಲೆಲ್ಲ ಚಹಾ ಮಾಡಿಕೊಟ್ಟರು. ಅವರೆದುರು ಕುಳಿತು ಆ ಚಹಾ ಕುಡಿಯುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಅಂದಿನಿಂದ ಪೋಚಪಾವತಿ, ಅಂದರೆ ಮುಟ್ಟಿದ್ದಕ್ಕೆ ಸಹಿ, ಇಲ್ಲದೆ ಒಂದು ಚೀಟಿಯೂ ನನ್ನ ಕೈಯಿಂದ ಹೊರಗೆ ಹೋಗಿಲ್ಲ. ಬಂದ, ಹೋದ ಪತ್ರಗಳನ್ನು ಬರೆದಿಡುವ ಆವಕ ಜಾವಕ ಪುಸ್ತಕದಲ್ಲಿ ಪ್ರತಿ ಪತ್ರಕ್ಕೂ ಸಂಖ್ಯೆಯಿದೆ. ಮೊಹರು ಹಾಕಲು ಒಪ್ಪದಿದ್ದರೆ ಅಂದೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇವೆ. ಅಂಚೆಯ ರಸೀದಿಯನ್ನು ಪ್ರತಿಗೆ ಅಂಟಿಸುತ್ತೇವೆ.

ಸಂಘದ ಲೆಕ್ಕಪತ್ರ ಯಾಕಿಷ್ಟು ಬಿಗಿಯಾಗಿರಬೇಕು ಎಂಬುದಕ್ಕೆ ಹಿಂದಿನ ಕಥೆಯೊಂದಿದೆ. 1918ರಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳತ್ವದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಕಿಂಗ್‌ಹ್ಯಾಮ್ ಬಟ್ಟೆ ಗಿರಣಿಯ ಮಾಲೀಕರು ಹೈಕೋರ್ಟಿಗೆ ಹೋಗಿ ಸಂಘದ ಮುಖಂಡರ ಮೇಲೆ ತಡೆಯಾಜ್ಞೆ ತಂದರು. ಜನರನ್ನು ಒಗ್ಗೂಡಿಸಿದ್ದೇ ತಪ್ಪಾಗಿ ಕಂಡ ಕಾಲವದು. ಆ ಪೆಟ್ಟು ತಿಂದ ಮೇಲೆ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಕಾನೂನಿಗಾಗಿ ಒತ್ತಾಯಿಸಿದರು, 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ನೋಂದಾಯಿತ ಸಂಘಕ್ಕೆ ಕಾಯ್ದೆ ರಕ್ಷಣೆ ಕೊಟ್ಟಿತು. ಜೊತೆಗೆ ವರ್ಷಕ್ಕೊಮ್ಮೆ ಪರಿಶೋಧಿತ ಲೆಕ್ಕ ಸಲ್ಲಿಸಬೇಕು, ಯಾವ ಸದಸ್ಯ ಕೇಳಿದರೂ ಪುಸ್ತಕ ತೋರಿಸಬೇಕು ಎಂದಿತು. ನಮ್ಮ ಕಚೇರಿಯಲ್ಲಿ ಕೀರ್ದಿ, ಖತಾವಣಿ ಎರಡೂ ಮೇಜಿನ ಮೇಲೆಯೇ ಇರುತ್ತವೆ, ಬೀಗದೊಳಗಲ್ಲ. ಸದಸ್ಯರು ತಿರುವಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಕೇಳಲಿ. ಅವರ ಮೂವತ್ತು ರೂಪಾಯಿ ಅದು.

ಆ ಕಾಯ್ದೆಯ ಜಾಗಕ್ಕೆ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಅದರ ಹಲವು ಅಂಶಗಳಿಗೆ ನನ್ನ ವಿರೋಧವಿದೆ. ಯಾವುದೇ ಕಾರ್ಖಾನೆಯಲ್ಲಿ ಮುಷ್ಕರ ಹೂಡಬೇಕಾದರೂ ನೋಟಿಸ್ ಕೊಟ್ಟು 14 ದಿನ ಕಾಯಲೇಬೇಕು. ಅರ್ಧಕ್ಕರ್ಧ ಜನ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸುತ್ತದೆ. ಬಡವರ ಕೈಯ ಕಟ್ಟಕಡೆಯ ಆಯುಧವನ್ನು ಇಷ್ಟು ಮೊಂಡಾಗಿಸಬಾರದಿತ್ತು. ಆದರೆ ವಿರೋಧವಿದೆ ಎಂದು ಓದದೆ ಇರಲಾಗದು. ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ, ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ 51ರಷ್ಟು ಜನರ ಬೆಂಬಲವಿರುವ ಸಂಘ ಮಾತ್ರ ಮಾತುಕತೆಗೆ ಕೂರುತ್ತದೆ. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ ಕನಿಷ್ಠ ಶೇ 20ರಷ್ಟು ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿ ಒಂದು ಮಂಡಳಿಯಾಗುತ್ತದೆ. 240 ಜನರ ಫೌಂಡ್ರಿಯಲ್ಲಿ ಶೇ 51 ಎಂದರೆ 123 ಜನ. 122 ಇದ್ದರೂ ಸಾಲದು. "ನಮ್ಮ ಹಿಂದೆ ಎಲ್ಲರೂ ಇದ್ದಾರೆ" ಎಂಬ ಮಾತಿಗೆ ಅಲ್ಲಿ ಕಾಸಿನ ಬೆಲೆಯಿಲ್ಲ. ತಿಂಗಳು ತಿಂಗಳು ರಸೀದಿ ಹರಿದಿದ್ದರೆ ಮಾತ್ರ ಎದೆಯುಬ್ಬಿಸಿ ಪಟ್ಟಿ ಇಡಬಹುದು.

ನಮ್ಮ ಕರಪತ್ರಗಳು ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ನಡವಳಿ ಪುಸ್ತಕ ಕನ್ನಡದಲ್ಲಿದೆ. ಸಭೆಯಲ್ಲಿ ಠರಾವನ್ನು ಎರಡೂ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ. ಈ ಊರಿನಲ್ಲಿ ಭಾಷೆಯ ಹೆಸರಿನಲ್ಲಿ ಏನೇನು ನಡೆದರೂ ಕುಲುಮೆಯ ಮುಂದೆ ನಿಂತವರನ್ನು ಅದು ಬೇರೆ ಮಾಡಿದ್ದನ್ನು ನಾನು ಕಂಡಿಲ್ಲ. ಪಗಾರ, ಬೋನಸ್ ಎಂಬ ಮಾತುಗಳು ಎರಡು ಬದಿಯಲ್ಲೂ ಅವೇ ಇರುತ್ತವೆ.

ಮನೆಗಳಿಗೆ ಹೋಗುವುದೂ ಈ ಕೆಲಸದಲ್ಲೇ ಸೇರಿದೆ. ಹೋರಾಟಕ್ಕೆ ಇಳಿಯಬೇಕೋ ಬೇಡವೋ ಎಂಬುದು ಗೇಟಿನಲ್ಲಿ ತೀರ್ಮಾನವಾಗುವುದಿಲ್ಲ, ಅಡುಗೆಮನೆಯಲ್ಲಿ ಆಗುತ್ತದೆ. ಕಿರಾಣಿ ಅಂಗಡಿಯ ಉದ್ರಿ ಎಷ್ಟಿದೆ, ಮಕ್ಕಳ ಶಾಲೆಯ ಫೀ ಯಾವಾಗ ಎಂಬುದು ಹೆಂಡತಿಗೆ ಗೊತ್ತಿರುತ್ತದೆ. ಆಕೆಯೊಡನೆ ಮಾತಾಡದೆ ಗಂಡನಿಂದ ಒಪ್ಪಿಗೆ ಪಡೆದರೆ ಅದು ಮೂರನೆಯ ದಿನಕ್ಕೆ ಮುರಿದು ಬೀಳುತ್ತದೆ.

ಮೇಲೆ ಹೇಳಿದ 240 ಜನರ ಫೌಂಡ್ರಿಯಲ್ಲಿ ನಮ್ಮ ಪಟ್ಟಿ ಈಗ 109ಕ್ಕೆ ನಿಂತಿದೆ. ಇನ್ನೂ 14 ಜನ ಬೇಕು. ಎರಕದ ಏಣು ಉಜ್ಜಿ ತೆಗೆಯುವ ಫೆಟ್ಲಿಂಗ್ ವಿಭಾಗದಲ್ಲಿ ರಾತ್ರಿ ಪಾಳಿಯ ಒಂಬತ್ತು ಮಂದಿಯಿದ್ದಾರೆ. ಅವರು ಬಿಡುವುದು ಬೆಳಿಗ್ಗೆ ಏಳಕ್ಕೆ, ಖಾನಾಪುರದ ಬಸ್ಸು ಹಿಡಿಯುವ ಅವಸರದಲ್ಲಿರುತ್ತಾರೆ. ಈ ಸಲ ಸಂಜೆಯ ಬೆಂಚಿಗಿಂತ ಮೊದಲು, ಬೆಳಿಗ್ಗೆ ಆರೂವರೆಗೇ ಹೊಸ ಹುಡುಗಿಯನ್ನು ಕರೆದುಕೊಂಡು ಬಸ್ ನಿಲ್ದಾಣಕ್ಕೆ ಹೋಗುತ್ತೇನೆ. ರಸೀದಿ ಪುಸ್ತಕ ಅವಳ ಕೈಯಲ್ಲೇ ಇರುತ್ತದೆ.