ಚಾಕು ಕೆಳಗಿಟ್ಟ ಹುಡುಗರು: ಗ್ಲಾಸ್ಗೋ ನಡೆದು ಬಂದ ದಾರಿ

1968ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪೂರ್ವದಂಚಿನ ಈಸ್ಟರ್‌ಹೌಸ್ ಬಡಾವಣೆಯಲ್ಲಿ, ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡದಷ್ಟು ಹಗೆ ಬೆಳೆಸಿಕೊಂಡಿದ್ದ ಗುಂಪುಗಳ ಹುಡುಗರು ತಮ್ಮ ಆಯುಧಗಳನ್ನು ತಂದು ಕಸದ ತೊಟ್ಟಿಗಳಿಗೆ ಹಾಕಿದರು. ಅವರ ಮನವೊಲಿಸಿದವರು ಆ ಕಾಲದ ಜನಪ್ರಿಯ ಗಾಯಕ ಫ್ರ್ಯಾಂಕಿ ವಾನ್. ಹುಡುಗರ ಕ್ಲಬ್ಬುಗಳ ಚಳವಳಿಯೊಂದಿಗೆ ಬಹುಕಾಲದ ನಂಟಿದ್ದ ಅವರು ಗುಂಪುಗಳ ಮುಖಂಡರನ್ನು ಎದುರು ಕೂರಿಸಿಕೊಂಡು ಅವರ ಮಾತಿಗೆ ಕಿವಿಗೊಟ್ಟರು.

ನಗರದ ಹಳೆಯ ವಠಾರಗಳಿಂದ ಜನರನ್ನು ಹೊರಗೆ ಸಾಗಿಸಲೆಂದು 1950ರ ದಶಕದಲ್ಲಿ ಕಟ್ಟಿದ ಬಡಾವಣೆ ಅದು. ಮನೆಗಳೇನೋ ಸಾವಿರಗಟ್ಟಲೆ ಎದ್ದವು. ಆದರೆ ಸಂಜೆ ಹೊತ್ತು ಕಳೆಯಲು ಹದಿಹರೆಯದವರಿಗೆ ಒಂದು ಜಾಗವೆಂಬುದು ಇರಲಿಲ್ಲ. ಆಯುಧ ಒಪ್ಪಿಸಿದ ಮೇಲೆ ಅವರಿಗಾಗಿ ಒಂದು ಯುವಕೇಂದ್ರವೂ ತೆರೆಯಿತು. ಅದು ಬಹುಕಾಲ ಬಾಳಲಿಲ್ಲ. ಪತ್ರಿಕೆಗಳ ಗಮನ ಬೇರೆಡೆಗೆ ಹರಿದ ಬಳಿಕವೂ ವರ್ಷಾನುಗಟ್ಟಲೆ ಕೈಹಿಡಿದು ನಡೆಸುವ ವ್ಯವಸ್ಥೆಯನ್ನು ಹಿರಿಯರು ಕಟ್ಟದೆ ಹೋದರು ಎಂಬುದೇ ಆ ಪ್ರಯತ್ನದ ನಿಜವಾದ ಸೋಲು. ಅದನ್ನು ಹುಡುಗರ ತಲೆಗೆ ಕಟ್ಟುವುದು ಅನ್ಯಾಯ.

ಮುಂದಿನ ಮೂರೂವರೆ ದಶಕ ಈ ಸಮಸ್ಯೆ ಹೆಚ್ಚಾಗಿ ಪೊಲೀಸರ ಪಾಲಿಗೇ ಉಳಿಯಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ನೋಡುವ ವರದಿಯನ್ನು ಹೊರತಂದಿತು. 2004–05ರ ಒಂದೇ ವರ್ಷದಲ್ಲಿ ಸುಮಾರು 50 ಲಕ್ಷ ಜನಸಂಖ್ಯೆಯ ಸ್ಕಾಟ್ಲೆಂಡಿನಲ್ಲಿ 130ಕ್ಕೂ ಹೆಚ್ಚು ಕೊಲೆಗಳಾದವು. ಆ ಹೊತ್ತಿಗೆ, 2005ರ ಜನವರಿಯಲ್ಲಿ, ಗ್ಲಾಸ್ಗೋ ಪ್ರದೇಶದ ಸ್ಟ್ರಾಥ್‌ಕ್ಲೈಡ್ ಪೊಲೀಸರು ಕ್ಯಾರಿನ್ ಮೆಕ್ಲಸ್ಕಿ ಮತ್ತು ಜಾನ್ ಕಾರ್ನಹನ್ ಅವರ ನೇತೃತ್ವದಲ್ಲಿ ಹಿಂಸಾಚಾರ ತಗ್ಗಿಸುವ ಘಟಕವೊಂದನ್ನು ಆರಂಭಿಸಿದರು. ಮರುವರ್ಷ ಅದರ ವ್ಯಾಪ್ತಿ ಇಡೀ ಸ್ಕಾಟ್ಲೆಂಡಿಗೆ ವಿಸ್ತರಿಸಿತು.

ಘಟಕದ ಹೆಸರಾಂತ ಪ್ರಯೋಗ ನಡೆದದ್ದು 2008ರಲ್ಲಿ, ಅದೇ ಪೂರ್ವ ಗ್ಲಾಸ್ಗೋದ ಹುಡುಗರ ನಡುವೆ. 1990ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರೂಪುಗೊಂಡ ಕ್ರಮವನ್ನು ಅನುಸರಿಸಿ, ಗುಂಪುಗಳ ಸದಸ್ಯರನ್ನು ನ್ಯಾಯಾಲಯದ ಸಭಾಂಗಣಕ್ಕೆ ಕರೆಸಲಾಯಿತು. ಹೊಡೆದಾಟ ಮುಂದುವರಿದರೆ ಕಾನೂನು ಇಡೀ ಗುಂಪಿನ ಬೆನ್ನುಹತ್ತುತ್ತದೆ ಎಂದು ಪೊಲೀಸರು ಎಚ್ಚರಿಸಿದರು. ಚಾಕು ಸೀಳಿದ ಮುಖಗಳನ್ನು ಹೊಲಿಯುವ ವೈದ್ಯರು ತಾವು ಕಂಡದ್ದನ್ನು ಹೇಳಿದರು. ಹಲ್ಲೆಗೆ ಒಳಗಾದ ಹುಡುಗನೊಬ್ಬನ ತಾಯಿ ತನ್ನ ಸಂಕಟವನ್ನು ತೋಡಿಕೊಂಡರು. ಬಿಟ್ಟು ಬರುವವರಿಗೆ ತರಬೇತಿ, ಉದ್ಯೋಗ ಮತ್ತು ಆಪ್ತಸಲಹೆಯ ನೆರವು ಸಿದ್ಧವಿತ್ತು. ನಂತರದ ಅಧ್ಯಯನದಲ್ಲಿ, ಪಾಲ್ಗೊಂಡವರು ಆಯುಧ ಇಟ್ಟುಕೊಂಡು ತಿರುಗುವುದು ಉಳಿದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ತಗ್ಗಿದ್ದು ಕಂಡುಬಂದಿತು. ದೈಹಿಕ ಹಲ್ಲೆಗಳ ವಿಷಯದಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ತೋರಲಿಲ್ಲ. ಈ ಕಾರ್ಯಕ್ರಮವನ್ನು ಹೊಗಳುವವರು ಎರಡನೆಯ ಮಾತನ್ನೂ ಹೇಳಬೇಕು.

ಅಷ್ಟಾದರೂ ಅಲ್ಲಿ ಮಾತನಾಡುವವರು ಹಿರಿಯರು, ಕೇಳುವವರು ಕಿರಿಯರು. ಈ ಏರ್ಪಾಡನ್ನು ತಿರುಗಿಸಿದ್ದು ಶಾಲೆಗಳು. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಜಾಕ್ಸನ್ ಕಾಟ್ಜ್ ಆರಂಭಿಸಿದ್ದ ಹಿಂಸೆ ತಡೆಯ ಮಾರ್ಗದರ್ಶಕರ ಕಾರ್ಯಕ್ರಮ 2010ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಪ್ರೌಢಶಾಲೆಗಳಿಗೆ ಬಂದಿತು. ಹದಿನಾರು, ಹದಿನೇಳರ ವಿದ್ಯಾರ್ಥಿಗಳು ತರಬೇತಿ ಪಡೆದು ಕಿರಿಯ ತರಗತಿಗಳಿಗೆ ತಾವೇ ಹೋಗಿ ಚರ್ಚೆ ನಡೆಸುತ್ತಾರೆ. ಗೆಳೆಯನೊಬ್ಬ ಚೀಲದಲ್ಲಿ ಚಾಕು ತಂದಿರುವುದು ಗೊತ್ತಾದರೆ ಏನು ಮಾಡುತ್ತೀರಿ, ಹುಡುಗಿಯೊಬ್ಬಳ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ಹಂಚುತ್ತಿದ್ದರೆ ಸುಮ್ಮನಿರುತ್ತೀರಾ ಎಂಬಂಥ ಪ್ರಶ್ನೆಗಳು ಅಲ್ಲಿ ಏಳುತ್ತವೆ. ಯಾರನ್ನೂ ಅಪರಾಧಿಯೆಂದಾಗಲೀ ಬಲಿಪಶುವೆಂದಾಗಲೀ ಕಾಣದೆ, ಪಕ್ಕದಲ್ಲಿದ್ದು ತಡೆಯಬಲ್ಲವನೆಂದು ಪ್ರತಿಯೊಬ್ಬರನ್ನೂ ಕಾಣುವುದು ಇದರ ತಿರುಳು. ಚಾಕುವಿನ ಗುಟ್ಟು ಶಿಕ್ಷಕರಿಗೂ ಪೊಲೀಸರಿಗೂ ತಲುಪುವ ಮೊದಲೇ ಗೆಳೆಯರಿಗೆ ಗೊತ್ತಿರುತ್ತದೆಯಾದ್ದರಿಂದ, ನನ್ನ ದೃಷ್ಟಿಯಲ್ಲಿ, ಇದಕ್ಕಿಂತ ವಿವೇಕದ ಆರಂಭ ಇನ್ನೊಂದಿಲ್ಲ.

2010ರ ದಶಕದ ಮಧ್ಯದ ವೇಳೆಗೆ ಸ್ಕಾಟ್ಲೆಂಡಿನ ವಾರ್ಷಿಕ ಕೊಲೆಗಳ ಸಂಖ್ಯೆ 60ರ ಆಸುಪಾಸಿಗೆ ಇಳಿಯಿತು. ಇಳಿಕೆಯ ಶ್ರೇಯಸ್ಸನ್ನೆಲ್ಲ ಒಂದೇ ಯೋಜನೆಗೆ ಕೊಡಲಾಗದು. 2018ರಲ್ಲಿ ಲಂಡನ್ ಇದೇ ಮಾದರಿಯ ಘಟಕವನ್ನು ರಚಿಸಿದಾಗ, ಅದರ ಜೊತೆಗೆ ಯುವಜನರದೇ ಒಂದು ಕಾರ್ಯತಂಡವೂ ಬೆಳೆಯಿತು. ಪೂರ್ವ ಗ್ಲಾಸ್ಗೋದ ನ್ಯಾಯಾಲಯದ ಪ್ರಯೋಗ 2011ಕ್ಕೆ ಮುಗಿಯಿತು. ಶಾಲೆಗಳಲ್ಲಿ ಮಾತ್ರ ಹಿರಿಯ ವಿದ್ಯಾರ್ಥಿಗಳು ಓದು ಮುಗಿಸಿ ಹೊರಟಂತೆ, ಹಿಂದೆ ಕುಳಿತು ಅವರ ಮಾತು ಕೇಳಿದ್ದವರು ಮಾರ್ಗದರ್ಶಕರಾಗಿ ಎದ್ದು ನಿಲ್ಲುತ್ತಾರೆ.