ರಮಾಕಾಂತ್ ದೇಸಾಯಿ ಮತ್ತು 37.31 ಎಂಬ ಅಂಕಿ

ಹಾಸನದವರಿಗೆ ವೇಗದ ಬೌಲರ್‌ಗಳೇನೂ ಹೊಸಬರಲ್ಲ. ಶ್ರೀನಾಥ್ ಹೆಸರಿನ ಜೊತೆಗಿರುವ ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು. ಡೇವಿಡ್ ಜಾನ್ಸನ್ ಹುಟ್ಟಿದ್ದೂ ಅರಸೀಕೆರೆಯಲ್ಲೇ. ಆದರೂ ಕಳೆದ ಭಾನುವಾರ ನಮ್ಮ ಕ್ವಿಜ್ ಗುಂಪಿನಲ್ಲಿ ಭಾರತದ ಹಳೆಯ ವೇಗದ ಬೌಲರ್ ರಮಾಕಾಂತ್ ದೇಸಾಯಿ ಹೆಸರು ಬಂದಾಗ ಎಲ್ಲರೂ ಸುಮ್ಮನಾದರು. ಒಬ್ಬ ಗೆಳೆಯ ಮೊಬೈಲ್ ನೋಡಿ ಓದಿದ: 28 ಟೆಸ್ಟ್, 74 ವಿಕೆಟ್, ಸರಾಸರಿ 37.31. ಅಂದರೆ ಒಂದು ವಿಕೆಟ್‌ಗೆ ಕೊಟ್ಟ ರನ್; ಕಡಿಮೆ ಇದ್ದಷ್ಟೂ ಒಳ್ಳೆಯದು. ಆಮೇಲೆ "ಇಷ್ಟೇನಾ?" ಅಂದ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಟಿಪ್ಪಣಿ.

ಮೊದಲು ನೆನಪಿಡಬೇಕಾದ್ದು. ದೇಸಾಯಿ ಹುಟ್ಟಿದ್ದು 1939ರಲ್ಲಿ, ಮುಂಬೈಯಲ್ಲಿ. ಎತ್ತರ ಐದು ಅಡಿ ನಾಲ್ಕು ಇಂಚಿನ ಆಸುಪಾಸು. ಅಡ್ಡಹೆಸರು ಟೈನಿ. 1958–59ರಲ್ಲಿ ಬಾಂಬೆ ಪರ ಆಡಿದ ಮೊದಲ ರಣಜಿ ಸೀಸನ್‌ನಲ್ಲೇ 50 ವಿಕೆಟ್ ತೆಗೆದರು. ಸರಾಸರಿ 11.10. ಅದೇ ಸೀಸನ್‌ನಲ್ಲಿ, 1959ರ ಫೆಬ್ರವರಿಯಲ್ಲಿ, ದೆಹಲಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್. ಆಗಿನ್ನೂ 19 ವರ್ಷ.

ಆ ಟೆಸ್ಟ್‌ನ ಸ್ಕೋರ್‌ಕಾರ್ಡನ್ನು ನಿಧಾನವಾಗಿ ಓದಿ. ದೇಸಾಯಿ: 49 ಓವರ್, 169 ರನ್, 4 ವಿಕೆಟ್. ಮೇಲುನೋಟಕ್ಕೆ ಹೊಡೆತ ತಿಂದ ಹುಡುಗ ಅನ್ನಿಸುತ್ತದೆ. ಈಗ ಪಕ್ಕದ ಮೊತ್ತ ನೋಡಿ. ವೆಸ್ಟ್ ಇಂಡೀಸ್ 8 ವಿಕೆಟ್‌ಗೆ 644, ಡಿಕ್ಲೇರ್. ಬಿದ್ದ ಎಂಟರಲ್ಲಿ ನಾಲ್ಕು, ಅಂದರೆ ಅರ್ಧ, ಈ ಹುಡುಗನದು. ಒಂದೇ ಇನಿಂಗ್ಸ್‌ನಲ್ಲಿ 294 ಎಸೆತ! ಇವತ್ತು ವೇಗದ ಬೌಲರ್ ಒಬ್ಬನಿಂದ ಅಷ್ಟು ದುಡಿಸಿದರೆ ಎಷ್ಟು ಗಲಾಟೆ ಆಗುತ್ತಿತ್ತು, ಅಲ್ವಾ?

ಸರಾಸರಿ ಯಾಕೆ ಜಾಸ್ತಿ ಅನ್ನುವುದಕ್ಕೆ ಉತ್ತರ ಪಿಚ್‌ನಲ್ಲಿದೆ. ನಮ್ಮ ಕಡೆ ಮಣ್ಣಿನ ನೆಲದ ಮೇಲೆ ಮ್ಯಾಟ್ ಹಾಸಿ ಆಡಿದವರಿಗೆ ಗೊತ್ತು, ಮ್ಯಾಟ್ ಮೇಲೆ ಚೆಂಡು ಚೆನ್ನಾಗಿ ಪುಟಿಯುತ್ತದೆ. ಆ ಕಾಲದ ನಮ್ಮ ಟೆಸ್ಟ್ ಪಿಚ್‌ಗಳು ಅದಕ್ಕೆ ಪೂರ್ತಿ ಉಲ್ಟಾ. 1960–61ರಲ್ಲಿ ಪಾಕಿಸ್ತಾನದ ಜೊತೆಗಿನ ಐದೂ ಟೆಸ್ಟ್ ಡ್ರಾ ಆದವು ಅಂದರೆ ಊಹಿಸಿಕೊಳ್ಳಿ. ಹೊಸ ಚೆಂಡಿನ ಹೊಳಪು ತೆಗೆದು ಸ್ಪಿನ್ನರ್ ಕೈಗೆ ಕೊಡುವುದೇ ವೇಗದ ಬೌಲರ್ ಕೆಲಸ ಎಂಬ ಲೆಕ್ಕ ತಂಡದ್ದು. ಇನ್ನೊಂದು ತುದಿಯಲ್ಲಿ ಅಷ್ಟೇ ವೇಗದ ಜೊತೆಗಾರನೂ ಇರಲಿಲ್ಲ.

ಅಂಥ ಪಿಚ್‌ನಲ್ಲೂ ದೇಸಾಯಿ ಅವರ ಬೌನ್ಸರ್, ಅಂದರೆ ನೆಲಕ್ಕೆ ಬಡಿದು ಎದೆ, ತಲೆಯ ಎತ್ತರಕ್ಕೆ ಏರುವ ಚೆಂಡು, ಕೆಲಸ ಮಾಡುತ್ತಿತ್ತು. ಇಷ್ಟು ಗಿಡ್ಡ ಬೌಲರ್‌ನ ಬೌನ್ಸರ್‌ಗೆ ಯಾಕೆ ಹೆದರಬೇಕು? ಎತ್ತರದ ಬೌಲರ್ ಮೇಲಿನಿಂದ ಕುಕ್ಕಿದ ಶಾರ್ಟ್ ಬಾಲ್ ಕಡಿದಾಗಿ ಏರುತ್ತದೆ. ಬಹಳ ಸಲ ತಲೆಯ ಮೇಲೆ ಹಾದುಹೋಗುತ್ತದೆ, ಬಗ್ಗಿದರೆ ಸಾಕು. ಗಿಡ್ಡ ಬೌಲರ್ ಕೈಯಿಂದ ಚೆಂಡು ಹೊರಡುವುದೇ ಕೆಳಗಿನಿಂದ. ಅದು ನೆಲಕ್ಕೆ ಬಡಿದು ಜಾರಿದ ಹಾಗೆ ಬರುತ್ತದೆ, ಎದೆಗೋ ಕುತ್ತಿಗೆಗೋ ನೇರವಾಗಿ. ಬಗ್ಗಬೇಕೋ ಆಡಬೇಕೋ ಅಂತ ಯೋಚಿಸಲು ಹೊತ್ತಿಲ್ಲ. ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಪಾಕಿಸ್ತಾನದ ಬ್ಯಾಟ್ಸ್‌ಮನ್ ಹನೀಫ್ ಮೊಹಮ್ಮದ್‌ರನ್ನು ದೇಸಾಯಿ 1960–61ರ ಆ ಸರಣಿಯಲ್ಲಿ ನಾಲ್ಕು ಸಲ ಔಟ್ ಮಾಡಿದರು. ನನ್ನ ಮಟ್ಟಿಗೆ 37.31ಕ್ಕಿಂತ ತೂಕದ ಅಂಕಿ ಈ ನಾಲ್ಕು.

ಕ್ವಿಜ್‌ಗೆ ಬೇಕಾಗುವ ಇನ್ನೆರಡು: 1959ರಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ 89 ರನ್‌ಗೆ 5 ವಿಕೆಟ್. 1965ರಲ್ಲಿ ಬಾಂಬೆಯಲ್ಲಿ ನ್ಯೂಜಿಲೆಂಡ್ ವಿರುದ್ಧ 56ಕ್ಕೆ 6, ಇದೇ ಅವರ ಅತ್ಯುತ್ತಮ.

ಬ್ಯಾಟಿಂಗ್ ಬಿಡಬೇಡಿ. 1960ರಲ್ಲಿ ಬಾಂಬೆಯಲ್ಲಿ ಪಾಕಿಸ್ತಾನದ ವಿರುದ್ಧ ಹತ್ತನೆಯವರಾಗಿ ಬಂದು 85 ಹೊಡೆದರು. ನಾನಾ ಜೋಶಿ ಜೊತೆ ಒಂಬತ್ತನೇ ವಿಕೆಟ್‌ಗೆ 149 ರನ್, ದಶಕಗಳ ಕಾಲ ಉಳಿದ ಭಾರತೀಯ ದಾಖಲೆ.

ಆದರೆ ನನಗೆ ಅದಕ್ಕಿಂತ ದೊಡ್ಡದು 1968ರ ಫೆಬ್ರವರಿಯ ಡ್ಯುನೆಡಿನ್ ಟೆಸ್ಟ್. ನ್ಯೂಜಿಲೆಂಡ್ 350 ಹೊಡೆದಿತ್ತು. ದೇಸಾಯಿ ಬ್ಯಾಟ್ ಮಾಡುವಾಗ ಡಿಕ್ ಮೋಟ್ಜ್ ಎಸೆದ ಚೆಂಡು ದವಡೆಗೆ ಬಡಿದು ಮೂಳೆ ಮುರಿಯಿತು. ಆಗ ಹೆಲ್ಮೆಟ್ ಇರಲಿಲ್ಲ. ಅವರು ಒಳಗೆ ಹೋಗಲಿಲ್ಲ. ಬಿಷನ್ ಸಿಂಗ್ ಬೇಡಿ ಜೊತೆ ನಿಂತು ಕೊನೇ ವಿಕೆಟ್‌ಗೆ 57 ಸೇರಿಸಿದರು. ಭಾರತ 359, ಒಂಬತ್ತು ರನ್ ಮುನ್ನಡೆ. ಆಮೇಲೆ ನಮ್ಮ ಪ್ರಸನ್ನ 6 ವಿಕೆಟ್ ಕಿತ್ತರು. ವಾಡೇಕರ್ 71 ಹೊಡೆದರು. ಭಾರತ ಐದು ವಿಕೆಟ್‌ಗಳಿಂದ ಗೆದ್ದಿತು. ವಿದೇಶದಲ್ಲಿ ನಮ್ಮ ಮೊಟ್ಟಮೊದಲ ಟೆಸ್ಟ್ ಗೆಲುವು ಅದು. ಸರಣಿಯೂ 3–1ರಿಂದ ನಮ್ಮದಾಯಿತು.

ದೇಸಾಯಿ ಅವರಿಗೆ ಅದೇ ಕೊನೆಯ ಟೆಸ್ಟ್. ಮುಂದೆ ಆಯ್ಕೆ ಸಮಿತಿಯ ಅಧ್ಯಕ್ಷರೂ ಆಗಿದ್ದರು. 1998ರಲ್ಲಿ, 58ನೇ ವಯಸ್ಸಿನಲ್ಲಿ, ಹೃದಯದ ತೊಂದರೆಯಿಂದ ತೀರಿಕೊಂಡರು.

ಮುಂದಿನ ಭಾನುವಾರ ಬರುವಾಗ ಎಲ್ಲರೂ ಡ್ಯುನೆಡಿನ್ ಸ್ಕೋರ್‌ಕಾರ್ಡ್ ನೋಡಿಕೊಂಡು ಬನ್ನಿ. ಮೊದಲ ಇನಿಂಗ್ಸ್‌ನಲ್ಲಿ ದೇಸಾಯಿ, ಔಟಾಗದೆ 32 ಎಂದಿರುತ್ತದೆ. ದವಡೆ ಮುರಿದದ್ದು ಅಲ್ಲಿ ಬರೆದಿರುವುದಿಲ್ಲ.